ನಿಮ್ಮ ಹೋಂಸ್ಟೇ ಗೂಗಲ್‌ನಲ್ಲಿ ಯಾಕೆ ಸಿಗುತ್ತಿಲ್ಲ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕೊಡಗಿನಲ್ಲಿ ಒಂದು ಶನಿವಾರ ಬೆಳಿಗ್ಗೆ. ಪಕ್ಕದ ತೋಟದ ಹೋಂಸ್ಟೇ ಮುಂದೆ ಬೆಂಗಳೂರಿನ ಕಾರುಗಳು ಸಾಲಾಗಿ ನಿಂತಿವೆ. ನಿಮ್ಮ ನಾಲ್ಕು ಕೋಣೆಯಲ್ಲಿ ಮೂರು ಖಾಲಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆ, ಪಂಚಾಯಿತಿ ಪರವಾನಗಿ ಇದೆ, ಅಡುಗೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ಇದೆ, ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಹುಳಿ ಕಾಚಂಪುಳಿಯೂ ಇದೆ. ಫೋನ್ ಮಾತ್ರ ರಿಂಗ್ ಆಗುತ್ತಿಲ್ಲ.

ಇಂಥ ಹೊತ್ತಿಗೇ ಸರಿಯಾಗಿ ಯಾರೋ ಕರೆ ಮಾಡಿ 'ಗೂಗಲ್‌ನಲ್ಲಿ ನಂಬರ್ ಒನ್ ಮಾಡಿಸಿಕೊಡ್ತೀವಿ ಸರ್' ಅನ್ನುತ್ತಾರೆ. ನಾನೂ ಒಮ್ಮೆ ದುಡ್ಡು ಕೊಟ್ಟೆ. ಆಮೇಲೆ ಗೊತ್ತಾದದ್ದು, ನನ್ನ ತೊಂದರೆ ಇದ್ದದ್ದು ಬೇರೆ ಕಡೆ, ಅವರು ರಿಪೇರಿ ಮಾಡಿದ್ದು ಬೇರೆ ಕಡೆ.

ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ಜೆಟ್ ತಿರುಗದಿದ್ದರೆ ನಾವು ಮೊದಲೇ ಮೋಟರ್ ಬಿಚ್ಚುತ್ತೇವಾ? ಇಲ್ಲ. ಕೆರೆಯಲ್ಲಿ ನೀರಿದೆಯಾ, ಫುಟ್‌ವಾಲ್ವ್‌ನಲ್ಲಿ ಎಲೆ ಸಿಕ್ಕಿದೆಯಾ, ಪೈಪ್ ಎಲ್ಲಾದರೂ ಬಿಟ್ಟಿದೆಯಾ ಎಂದು ಒಂದು ತುದಿಯಿಂದ ನೋಡಿಕೊಂಡು ಬರುತ್ತೇವೆ. ಇಲ್ಲಿಯೂ ಹಾಗೆಯೇ ಮಾಡೋಣ. ಮೊದಲ ಪರೀಕ್ಷೆಗಳಿಗೆ ಒಂದು ಪೈಸೆ ಖರ್ಚಿಲ್ಲ. ಕಷ್ಟದವು ಆಮೇಲೆ.

ಶುರುವಿನಲ್ಲೇ ಒಂದು ಎಚ್ಚರಿಕೆ. ಯಾರಾದರೂ 'ನಿಮಗೆ ಅಡ್ವಾನ್ಸ್ ಕಳಿಸಿದ್ದೀನಲ್ಲ' ಎಂದು ಹೇಳಿ, ಆ ದುಡ್ಡು ನಿಮ್ಮ ಖಾತೆಗೆ ಬಂದೇ ಇಲ್ಲವಾದರೆ, ಉಳಿದದ್ದನ್ನೆಲ್ಲ ಬಿಟ್ಟು ನೇರ ಎಂಟನೇ ಲಕ್ಷಣಕ್ಕೆ ಹೋಗಿ. ಅದು ಕಾಯುವ ವಿಷಯವಲ್ಲ.

ಕೈ ಹಾಕುವ ಮುನ್ನ: ಒಂದು ಹಾಳೆ, ಎರಡು ಫೋನ್

ನಿಮ್ಮ ಜಗುಲಿಯಲ್ಲಿ ಕೂತು, ನಿಮ್ಮದೇ ಫೋನ್‌ನಲ್ಲಿ ಹುಡುಕಿದರೆ ನಿಮ್ಮ ಹೋಂಸ್ಟೇ ಮೇಲೆಯೇ ಬರುತ್ತದೆ. ಅದನ್ನು ನಂಬಬೇಡಿ. ಹುಡುಕುವವರು ಎಲ್ಲಿದ್ದಾರೆ, ಮೊದಲು ಏನೇನು ನೋಡಿದ್ದಾರೆ ಎಂಬುದರ ಮೇಲೆ ಗೂಗಲ್ ಫಲಿತಾಂಶ ಬದಲಾಗುತ್ತದೆ. ನೀವು ದಿನಾ ನಿಮ್ಮ ಹೆಸರನ್ನೇ ಒತ್ತುತ್ತಿದ್ದರೆ ಅದು ನಿಮಗೇ ತೋರಿಸುತ್ತದೆ, ಬೆಂಗಳೂರಿನವರಿಗಲ್ಲ.

ಹಾಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಅಣ್ಣನಿಗೋ ಚಿಕ್ಕಮ್ಮನ ಮಗಳಿಗೋ ಫೋನ್ ಮಾಡಿ. ಕ್ರೋಮ್‌ನ ಇನ್‌ಕಾಗ್ನಿಟೊದಲ್ಲಿ (ಹಳೆಯ ಹುಡುಕಾಟದ ನೆನಪಿಲ್ಲದೆ ತೆರೆಯುವ ಕಿಟಕಿ) ಮೂರು ಹುಡುಕಾಟ ಮಾಡಿಸಿ. ಮೊದಲನೆಯದು ನಿಮ್ಮ ಹೋಂಸ್ಟೇ ಹೆಸರು. ಎರಡನೆಯದು ನಿಮ್ಮ ಊರಿನ ಹೆಸರಿನ ಜೊತೆ ಹೋಂಸ್ಟೇ ಎಂಬ ಪದ. ಮೂರನೆಯದು 'ಕೂರ್ಗ್ ಹೋಂಸ್ಟೇ'. ಮೂರಕ್ಕೂ ಸ್ಕ್ರೀನ್‌ಶಾಟ್ ತರಿಸಿಕೊಂಡು ತಾರೀಕು ಬರೆದಿಡಿ. ಮೂರರಲ್ಲಿ ಯಾವುದು ಕೈಕೊಟ್ಟಿತು ಅನ್ನುವುದರ ಮೇಲೆ ಮುಂದಿನ ದಾರಿ.

ಆಮೇಲೆ ಹಾಳೆಯಲ್ಲಿ ನಿಮ್ಮ ಹೋಂಸ್ಟೇ ಹೆಸರನ್ನು ನಾಲ್ಕು ಸಲ ಬರೆಯಿರಿ: ನೋಂದಣಿ ಪತ್ರದಲ್ಲಿ ಇರುವ ಹಾಗೆ, ಗೇಟಿನ ಬೋರ್ಡ್‌ನಲ್ಲಿ ಇರುವ ಹಾಗೆ, ಗೂಗಲ್‌ನಲ್ಲಿ ಇರುವ ಹಾಗೆ, ಬುಕ್ಕಿಂಗ್ ಆ್ಯಪ್‌ನಲ್ಲಿ ಇರುವ ಹಾಗೆ. ಪಕ್ಕದಲ್ಲಿ ವಿಳಾಸ, ಫೋನ್ ನಂಬರ್. ನಾಲ್ಕೂ ಒಂದೇ ಇದ್ದರೆ ನೀವು ಪುಣ್ಯವಂತರು. ನಾನು ನೋಡಿಕೊಟ್ಟ ಮನೆಗಳಲ್ಲಿ ಒಂದರಲ್ಲೂ ಮೊದಲ ಸಲಕ್ಕೆ ನಾಲ್ಕು ಒಂದೇ ಇರಲಿಲ್ಲ. ಪತ್ರದಲ್ಲಿ ಮನೆತನದ ಹೆಸರು, ಬೋರ್ಡ್‌ನಲ್ಲಿ ಹೂವಿನ ಹೆಸರು, ಗೂಗಲ್‌ನಲ್ಲಿ ಎರಡೂ ಸೇರಿಸಿ ಮೂರನೆಯದು!

ಪತ್ರದಲ್ಲಿ ಇರುವ ಹೆಸರೇ ಎಲ್ಲ ಕಡೆ ಇರಲಿ. ಹೆಸರು ಬದಲಾಯಿಸಲೇಬೇಕೆಂದರೆ ಮೊದಲು ಪತ್ರದಲ್ಲಿ ಬದಲಾಯಿಸಿ, ಆಮೇಲೆ ಗೂಗಲ್‌ನಲ್ಲಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದು ಮುಂದೆ ನಾಲ್ಕನೇ ಲಕ್ಷಣದಲ್ಲಿ ಗೊತ್ತಾಗುತ್ತದೆ.

ನೋಂದಣಿಯೇ ಇಲ್ಲ ಅನ್ನುವವರು ಇಲ್ಲಿಗೇ ನಿಲ್ಲಿಸಿ, ಮೊದಲು ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಹೋಗಿ ಬನ್ನಿ. ಪರವಾನಗಿ ಇಲ್ಲದ ಜಾಗವನ್ನು ಊರಿಗೆಲ್ಲ ಕಾಣುವ ಹಾಗೆ ಮಾಡಿಕೊಂಡರೆ ಅಧಿಕಾರಿಗಳಿಗೂ ಕಾಣುತ್ತದೆ, ಅಲ್ವಾ?

ಲಕ್ಷಣ 1: ಹೆಸರು ಒತ್ತಿದರೂ ಏನೂ ಬರುವುದಿಲ್ಲ

ಪೂರ್ತಿ ಹೆಸರು, ಊರು ಎರಡೂ ಹಾಕಿದರೂ ಮ್ಯಾಪ್‌ನಲ್ಲಿ ನೀವು ಇಲ್ಲ ಅಂದರೆ ಮೂರರಲ್ಲಿ ಒಂದು ಆಗಿರುತ್ತದೆ.

ಒಂದು, ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲೂ ಮ್ಯಾಪ್‌ನಲ್ಲೂ ನಿಮ್ಮ ಹೆಸರು, ವಿಳಾಸ, ನಂಬರ್ ತೋರಿಸುವ ಪುಟ, ಮಾಡಿಯೇ ಇಲ್ಲ. ಹಿಂದೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, 2021ರಲ್ಲಿ ಹೆಸರು ಬದಲಾಯಿತು. ಇದು ಪೂರ್ತಿ ಉಚಿತ. ಇದಕ್ಕೆ ದುಡ್ಡು ಕೇಳುವವರು ತಮ್ಮ ಕೂಲಿ ಕೇಳುತ್ತಿದ್ದಾರೆ ಅಷ್ಟೆ, ಗೂಗಲ್‌ಗೆ ಕಟ್ಟುವ ಫೀಸು ಎಂದು ಏನೂ ಇಲ್ಲ.

ಎರಡು, ಮಾಡಿದ್ದೀರಿ, ಆದರೆ ವೆರಿಫಿಕೇಷನ್ (ಜಾಗ ನಿಮ್ಮದೇ ಎಂದು ಗೂಗಲ್ ಖಚಿತ ಮಾಡಿಕೊಳ್ಳುವುದು) ಅರ್ಧಕ್ಕೆ ನಿಂತಿದೆ. ಇದೇ ಜಾಸ್ತಿ. ಮೊದಲೆಲ್ಲ ಅಂಚೆಯಲ್ಲಿ ಕಾರ್ಡ್ ಬರುತ್ತಿತ್ತು, ಅದರಲ್ಲಿನ ಕೋಡ್ ಹಾಕಿದರೆ ಮುಗಿಯಿತು. ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ನಡುವೆ ಕತ್ತರಿಸದೆ, ಒಂದೇ ಓಟದಲ್ಲಿ ತೆಗೆದದ್ದು, ಕನಿಷ್ಠ 30 ಸೆಕೆಂಡಿನದು ಆಗಬೇಕು. ಅದರಲ್ಲಿ ಮೂರು ವಿಷಯ ಕಾಣಬೇಕು: ಜಾಗ ಎಲ್ಲಿದೆ, ಅಲ್ಲಿ ಈ ವ್ಯವಹಾರ ನಡೆಯುತ್ತಿದೆಯಾ, ಅದನ್ನು ನಡೆಸುವವರು ನೀವೇನಾ. ನಮ್ಮಲ್ಲಿ ಮನೆ ರಸ್ತೆಯಿಂದ ಒಳಗಿರುತ್ತದೆ. ಆದ್ದರಿಂದ ರಸ್ತೆ ಬದಿಯ ಊರಿನ ಫಲಕದಿಂದ ಶುರು ಮಾಡಿ, ಗೇಟಿನ ಬೋರ್ಡ್ ತೋರಿಸಿ, ಒಳಗೆ ಬಂದು ಅತಿಥಿ ಕೋಣೆಯ ಬೀಗ ನೀವೇ ತೆಗೆಯಿರಿ. ಕೊನೆಗೆ ಗೋಡೆಗೆ ಹಾಕಿರುವ ನೋಂದಣಿ ಪತ್ರದ ಹೆಸರಿನ ಮೇಲೆ ಕ್ಯಾಮೆರಾ ನಿಲ್ಲಿಸಿ. ಅತಿಥಿಗಳ ಮುಖ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಯಾವುದೂ ಬೀಳದಿರಲಿ. ಜುಲೈ ಮಳೆಯಲ್ಲಿ ಟವರ್ ಬಿದ್ದಿರುವಾಗ ಇದಕ್ಕೆ ಕೈ ಹಾಕಬೇಡಿ. ಅರ್ಧ ಅಪ್‌ಲೋಡ್ ಆಗಿ ನಿಂತು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಸಿಗ್ನಲ್ ಗಟ್ಟಿ ಇರುವ ಬೆಳಿಗ್ಗೆ ನೋಡಿ ಮಾಡಿ.

ಮೂರು, ಬೇರೆ ಯಾರೋ ನಿಮ್ಮ ಜಾಗವನ್ನು ಆಗಲೇ ಸೇರಿಸಿದ್ದಾರೆ, ತಪ್ಪು ಕಾಗುಣಿತದಲ್ಲಿ. ಹಿಂದೆ ಬಂದ ಅತಿಥಿಯೇ ಇರಬಹುದು. ಹೆಸರು ಬಿಟ್ಟು ಮ್ಯಾಪ್‌ನಲ್ಲಿ ನಿಮ್ಮ ಮನೆಯ ಜಾಗವನ್ನೇ ದೊಡ್ಡದು ಮಾಡಿ ನೋಡಿ. ಸಿಕ್ಕರೆ ಅದರಲ್ಲಿ 'ಕ್ಲೇಮ್ ದಿಸ್ ಬಿಸಿನೆಸ್' ಎಂದಿರುತ್ತದೆ. ಅದನ್ನೇ ನಿಮ್ಮದಾಗಿಸಿಕೊಳ್ಳಿ. ಹೊಸದೊಂದು ಮಾಡಿದರೆ ಒಂದೇ ಮನೆಗೆ ಎರಡು ಪ್ರೊಫೈಲ್ ಆಗಿ ರಿವ್ಯೂ ಹರಿದು ಹಂಚಿಹೋಗುತ್ತವೆ.

ಲಕ್ಷಣ 2: ಹೆಸರಿಗೆ ಸಿಗುತ್ತೇವೆ, 'ಕೂರ್ಗ್ ಹೋಂಸ್ಟೇ' ಎಂದರೆ ಸಿಗುವುದಿಲ್ಲ

ಎಲ್ಲರೂ ಹೊತ್ತು ತರುವ ದೂರು ಇದು. ಇದರಲ್ಲಿ ಅರ್ಧ ದೋಷವೇ ಅಲ್ಲ.

ಅಕ್ಕಪಕ್ಕದ ವ್ಯವಹಾರಗಳನ್ನು ಸಾಲಾಗಿ ತೋರಿಸುವಾಗ ಗೂಗಲ್ ಮೂರು ನೋಡುತ್ತೇನೆ ಎಂದು ತಾನೇ ಹೇಳಿದೆ. ಕೇಳಿದ್ದಕ್ಕೂ ನಿಮ್ಮಲ್ಲಿ ಇರುವುದಕ್ಕೂ ಹೊಂದಿಕೆ ಇದೆಯಾ, ಕೇಳಿದ ಜಾಗದಿಂದ ನೀವು ಎಷ್ಟು ದೂರ, ನಿಮಗೆ ಎಷ್ಟು ಹೆಸರಿದೆ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮೇಲೆ ಹೋಗಲು ಆಗುವುದಿಲ್ಲ ಎಂದೂ ಅವರೇ ಬರೆದಿದ್ದಾರೆ. ಮೇಲ್ಗಡೆ 'ಸ್ಪಾನ್ಸರ್ಡ್' ಎಂದು ಬರುವ ಜಾಹೀರಾತು ಬೇರೆ, ಅದು ದುಡ್ಡು ನಿಂತ ದಿನವೇ ನಿಲ್ಲುತ್ತದೆ.

ಮೊದಲು ದೂರ ನೋಡೋಣ. ನಿಮ್ಮ ಮನೆ ಕಕ್ಕಬೆಯಲ್ಲಿದೆ ಅಂದುಕೊಳ್ಳಿ. ಹುಡುಕುವವರು 'ಮಡಿಕೇರಿ ಹೋಂಸ್ಟೇ' ಎಂದು ಒತ್ತುತ್ತಾರೆ. ನೀವು ಎಷ್ಟೇ ಚೆನ್ನಾಗಿದ್ದರೂ ರಾಜಾಸೀಟಿನ ಹತ್ತಿರ ಇರುವವರೇ ಮೊದಲು ಬರುತ್ತಾರೆ. ಇದನ್ನು ಸರಿಮಾಡಲು ಕೆಲವರು ಪಿನ್ (ಮ್ಯಾಪ್‌ನಲ್ಲಿ ಜಾಗ ತೋರಿಸುವ ಗುರುತು) ಎತ್ತಿ ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಯಮಕ್ಕೂ ವಿರುದ್ಧ, ಅತಿಥಿಗೂ ಮೋಸ.

ಅದರ ಬದಲು ಚಿಕ್ಕ ಅಂಗಳದಲ್ಲಿ ಆಡಿ. ಕಕ್ಕಬೆ ಕಡೆಗೆ ಬರುವವರು ಯಾಕೆ ಬರುತ್ತಾರೆ? ತಡಿಯಂಡಮೋಳ್ ಹತ್ತಲು. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ನೋಡಲು, ಇಗ್ಗುತಪ್ಪನ ದರ್ಶನಕ್ಕೆ, ಚೇಲಾವರ ಜಲಪಾತಕ್ಕೆ. ಅಂಥವರು 'ತಡಿಯಂಡಮೋಳ್ ಹತ್ತಿರ ಉಳಿಯಲು ಜಾಗ' ಎಂದು ಹುಡುಕುತ್ತಾರೆ. ಅಲ್ಲಿ ಪೈಪೋಟಿ ಕಡಿಮೆ. ಹುಡುಕುವವರು ಕಡಿಮೆ ಇದ್ದರೂ, ಹುಡುಕಿದವರು ಹೆಚ್ಚುಕಮ್ಮಿ ಬಂದೇ ಬರುವವರು. ಶ್ರೀಮಂಗಲ, ಕುಟ್ಟ ಕಡೆಯವರಿಗೆ ಇರ್ಪು ಜಲಪಾತ, ನಾಗರಹೊಳೆ. ಕುಶಾಲನಗರದವರಿಗೆ ದುಬಾರೆ, ನಿಸರ್ಗಧಾಮ, ಹತ್ತಿರದ ಬೈಲಕುಪ್ಪೆ. ಭಾಗಮಂಡಲದವರಿಗೆ ತಲಕಾವೇರಿ, ಅದರಲ್ಲೂ ಅಕ್ಟೋಬರ್‌ನ ತುಲಾ ಸಂಕ್ರಮಣ. ನಿಮ್ಮ ಊರಿನ ನಿಜವಾದ ಸೆಳೆತ ಯಾವುದು ಎಂದು ನಿಮಗಿಂತ ಚೆನ್ನಾಗಿ ಯಾವ ಏಜೆಂಟನಿಗೂ ಗೊತ್ತಿಲ್ಲ.

ಇನ್ನು ಹೊಂದಿಕೆ. ಪ್ರೊಫೈಲ್ ತೆರೆದು ಮುಖ್ಯ ಕೆಟಗರಿ ಏನಿದೆ ನೋಡಿ. ಹೋಂಸ್ಟೇ ನಡೆಸುವವರು 'ರೆಸಾರ್ಟ್' ಎಂದು ಹಾಕಿಕೊಂಡಿರುವುದು ನಮ್ಮಲ್ಲಿ ಸಾಮಾನ್ಯ. ದೊಡ್ಡದಾಗಿ ಕಾಣಲಿ ಎಂಬ ಆಸೆ. ಫಲ ಏನು ಗೊತ್ತಾ? ರೆಸಾರ್ಟ್ ಹುಡುಕುವವರು ಬಂದು ಈಜುಕೊಳ ಎಲ್ಲಿ ಎಂದು ಕೇಳುತ್ತಾರೆ, ಕೆಟ್ಟ ರಿವ್ಯೂ ಬರೆದು ಹೋಗುತ್ತಾರೆ. ಹೋಂಸ್ಟೇ ಹುಡುಕುವವರಿಗೆ ನೀವು ಕಾಣುವುದೇ ಇಲ್ಲ. ನಿಮ್ಮ ನೋಂದಣಿ ಯಾವುದಕ್ಕೆ ಆಗಿದೆಯೋ ಅದೇ ಕೆಟಗರಿ ಹಾಕಿ. ಇನ್ನೊಂದು ಸೂಕ್ಷ್ಮ ಇದೆ. ಮಾಲೀಕರು ಇಲ್ಲದ, ರಜೆಗೆಂದು ಇಡಿಯಾಗಿ ಬಾಡಿಗೆಗೆ ಬಿಡುವ ಮನೆಗೆ ಗೂಗಲ್ ಪ್ರೊಫೈಲ್ ನಿಯಮಗಳಲ್ಲಿ ಜಾಗವಿಲ್ಲ. ನೀವು ಅದೇ ಮನೆಯಲ್ಲಿ ಇದ್ದು ಅತಿಥಿಗಳನ್ನು ನೋಡಿಕೊಳ್ಳುವವರಾದರೆ ಅದು ಫೋಟೊಗಳಲ್ಲೂ ಕಾಣಲಿ.

ಹೆಸರುಗಳ ಗೊಂದಲವೂ ಇದೆ. ಹೊರಗಿನವರು ಕೂರ್ಗ್ ಅನ್ನುತ್ತಾರೆ, ಸರ್ಕಾರಿ ಕಾಗದ ಕೊಡಗು ಅನ್ನುತ್ತದೆ. ಮಡಿಕೇರಿ ಹಳಬರಿಗೆ ಮರ್ಕೆರಾ, ಕುಶಾಲನಗರ ಫ್ರೇಜರ್‌ಪೇಟೆ. ಗೋಣಿಕೊಪ್ಪ ಅಂತಲೂ ಗೋಣಿಕೊಪ್ಪಲು ಅಂತಲೂ ಬರೆಯುತ್ತಾರೆ. ವಿರಾಜಪೇಟೆಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಇನ್ನೂ ತೀರ್ಮಾನ ಆಗಿಲ್ಲ! ಗೂಗಲ್‌ಗೆ ಇವುಗಳಲ್ಲಿ ಹೆಚ್ಚಿನವು ಗೊತ್ತು. ಆದರೂ ವೆಬ್‌ಸೈಟ್‌ನಲ್ಲಿ 'ಕೊಡಗಿನ (ಕೂರ್ಗ್) ಇಂಥ ಊರಿನಲ್ಲಿ ನಮ್ಮ ಮನೆ' ಎಂದು ಒಂದು ವಾಕ್ಯ ಸಹಜವಾಗಿ ಇರಲಿ. ವಿಳಾಸದಲ್ಲಿ ಮಾತ್ರ ಒಂದೇ ಕಾಗುಣಿತ, ಸರಿಯಾದ ತಾಲ್ಲೂಕು. ಪೊನ್ನಂಪೇಟೆ, ಕುಶಾಲನಗರ ಈಗ ಬೇರೆ ತಾಲ್ಲೂಕುಗಳು. ಹಳೆ ವಿಳಾಸದಲ್ಲಿ ವಿರಾಜಪೇಟೆ, ಸೋಮವಾರಪೇಟೆ ಎಂದು ಉಳಿದಿರಬಹುದು, ನೋಡಿ.

ಕನ್ನಡದಲ್ಲಿ ಒಂದು ಪುಟ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ. ಹಾಸನ, ಮೈಸೂರು, ಮಂಡ್ಯದ ಕುಟುಂಬಗಳು ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕುತ್ತವೆ. ಅವರಿಗೆ ಉತ್ತರವಾಗಿ ಬರುವ ಕನ್ನಡ ಪುಟಗಳು ತೀರಾ ಕಡಿಮೆ.

ಉಳಿದದ್ದು ಹೆಸರುವಾಸಿ. ಇದಕ್ಕೆ ಅಡ್ಡದಾರಿ ಇಲ್ಲ. ನಿಜವಾದ ಅತಿಥಿಗಳ ರಿವ್ಯೂ ಬೇಕು, ಬೇರೆ ಜಾಲತಾಣಗಳಲ್ಲಿ ನಿಮ್ಮ ಹೆಸರಿನ ಪ್ರಸ್ತಾಪ ಬೇಕು. ಜೀಪಿನವರು, ಚಾರಣ ಕರೆದೊಯ್ಯುವವರು, ಊರಿನ ಜೇನು ಮಾರುವವರು ತಮ್ಮ ವೆಬ್‌ಸೈಟ್‌ನಲ್ಲಿ ನಿಮ್ಮದೊಂದು ಲಿಂಕ್ ಹಾಕಿದರೆ, ದುಡ್ಡು ಕೊಟ್ಟು ಕೊಂಡ ನೂರು ಲಿಂಕ್‌ಗಿಂತ ಮೇಲು.

ಲಕ್ಷಣ 3: ಅತಿಥಿಗಳು ಬೇರೆಯವರ ತೋಟಕ್ಕೆ ಹೋಗಿ ನಿಲ್ಲುತ್ತಾರೆ

ಇದಕ್ಕೆ ನಗಬೇಡಿ. ಸಿದ್ದಾಪುರ, ತಿತಿಮತಿ ಕಡೆ ಸಂಜೆ ಆದಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಮಳೆಗಾಲದಲ್ಲಿ ಯಾವ ಬರೆ (ಗುಡ್ಡದ ಇಳಿಜಾರು) ಯಾವಾಗ ಕುಸಿಯುತ್ತದೆ ಹೇಳಲಾಗದು. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಗೂಗಲ್ ತೋರಿಸಿದ ಹತ್ತಿರದ ದಾರಿ ಎಂದು ನಗರದವರು ಚಿಕ್ಕ ಕಾರನ್ನು ಕೆಸರು ರಸ್ತೆಗೆ ಇಳಿಸಿ, ರಾತ್ರಿ ಒಂಬತ್ತಕ್ಕೆ ಸಿಗ್ನಲ್ ಇಲ್ಲದ ಕಡೆ ಕೂತರೆ ಅದು ಜೀವದ ಪ್ರಶ್ನೆ. ಉಳಿದೆಲ್ಲ ದೋಷಕ್ಕಿಂತ ಮೊದಲು ಇದನ್ನು ಸರಿಮಾಡಿ.

ನಮ್ಮ ಪಿನ್ ಮೊದಲು ನಾಪೋಕ್ಲು ಪೇಟೆಯಲ್ಲೇ ಇತ್ತು, ಮೀನು ಮಾರುಕಟ್ಟೆಯ ಹತ್ತಿರ. ಹಳ್ಳಿ ವಿಳಾಸ ಕೊಟ್ಟಾಗ ಮನೆ ಎಲ್ಲಿದೆ ಎಂದು ತಿಳಿಯದೆ ಹತ್ತಿರದ ಪೇಟೆಗೆ ಪಿನ್ ಬೀಳುವುದು ಸಾಮಾನ್ಯ. ಪ್ರೊಫೈಲ್‌ನಲ್ಲಿ 'ಲೊಕೇಷನ್' ತೆರೆದು, ಸ್ಯಾಟಲೈಟ್ ಚಿತ್ರದಲ್ಲಿ ನಿಮ್ಮ ಹೆಂಚಿನ ಚಾವಣಿ ಗುರುತಿಸಿ, ಪಿನ್ ಅದರ ಮೇಲೆ ಇಡಿ.

ಪಿನ್ ಸರಿ ಇದ್ದೂ ದಾರಿ ತಪ್ಪಾಗಿದ್ದರೆ ಅದು ಬೇರೆ ರೋಗ. ನಿಮ್ಮ ರಸ್ತೆ ಮ್ಯಾಪ್‌ನಲ್ಲಿ ಇಲ್ಲ, ಅಥವಾ ಪಕ್ಕದ ಎಸ್ಟೇಟಿನ ಖಾಸಗಿ ದಾರಿ ಸಾರ್ವಜನಿಕ ರಸ್ತೆ ಎಂದು ಇದೆ. ಮ್ಯಾಪ್‌ನಲ್ಲೇ ರಸ್ತೆ ಸರಿಪಡಿಸಲು ಸೂಚನೆ ಕಳಿಸುವ ಜಾಗ ಇದೆ, ಕಂಪ್ಯೂಟರಿನಲ್ಲಿ ಮಾಡಿದರೆ ಸುಲಭ. ಒಪ್ಪಿಗೆ ಆಗುವವರೆಗೆ ಬುಕ್ಕಿಂಗ್ ಖಚಿತವಾದ ಕೂಡಲೇ ಅತಿಥಿಗೆ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಪ್ಲಸ್ ಕೋಡ್ (ಮ್ಯಾಪ್‌ನಲ್ಲಿ ನಿಮ್ಮ ಜಾಗವನ್ನು ನಿಖರವಾಗಿ ತೋರಿಸುವ ಚಿಕ್ಕ ಸಂಕೇತ) ಮತ್ತು ನಾಲ್ಕು ಸಾಲಿನ ದಾರಿ ಕಳಿಸಿ: ಯಾವ ಸೇತುವೆ, ಯಾವ ಅಂಗಡಿ, ಎಲ್ಲಿ ಎಡಕ್ಕೆ. ಕುಶಾಲನಗರ ದಾಟುವ ಮೊದಲೇ ಈ ಭಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಕತ್ತಲಾಗುವ ಮೊದಲೇ ತಲುಪಿ, ಆನೆ ಕಂಡರೆ ಗಾಡಿಯಿಂದ ಇಳಿಯಬೇಡಿ ಎಂದೂ ಬರೆಯಿರಿ.

ಲಕ್ಷಣ 4: ನಿನ್ನೆವರೆಗೆ ಇತ್ತು, ಇವತ್ತು ಇಲ್ಲ

ಮೊದಲು ಉಸಿರು ಬಿಡಿ. ಆಮೇಲೆ ಪ್ರೊಫೈಲ್ ನೋಡಿಕೊಳ್ಳುವ ಇಮೇಲ್ ತೆರೆಯಿರಿ. ಅಮಾನತು ಆಗಿದ್ದರೆ ಅಲ್ಲಿ ತಿಳಿಸಿರುತ್ತಾರೆ.

ನಮ್ಮದು ಅಮಾನತು ಆದದ್ದು ನಮ್ಮದೇ ತಪ್ಪಿನಿಂದ. ನಾನು ದುಡ್ಡು ಕೊಟ್ಟ ಆ ಏಜೆಂಟ್ ನಮ್ಮ ಹೆಸರಿನ ಹಿಂದೆ 'ಬೆಸ್ಟ್ ಹೋಂಸ್ಟೇ ಇನ್ ಕೂರ್ಗ್ ವಿತ್ ಫುಡ್ ನಿಯರ್ ಅಬ್ಬಿ ಫಾಲ್ಸ್' ಎಂದೆಲ್ಲ ಪೋಣಿಸಿದ್ದರು. ಅಬ್ಬಿ ಜಲಪಾತ ನಮ್ಮಿಂದ ಎಲ್ಲೋ ಇದೆ. ನಾನು ನೋಡಿಯೂ ಸುಮ್ನೆ ಇದ್ದೆ, ಯಾಕೆಂದರೆ ಒಂದೆರಡು ವಾರ ಕರೆ ಜಾಸ್ತಿ ಬಂದವು. ಆಮೇಲೆ ಪೂರ್ತಿ ಮಾಯ. ಅದೂ ದಸರಾ ರಜೆಯ ಹಿಂದಿನ ವಾರ, ಮಡಿಕೇರಿಯ ದಶಮಂಟಪ ನೋಡಲು ಜನ ಜಾಗ ಹುಡುಕುವ ಹೊತ್ತಿನಲ್ಲಿ. ಬೋರ್ಡ್‌ನಲ್ಲಿ ಇರುವ ನಿಜವಾದ ಹೆಸರಷ್ಟೇ ಇರಬೇಕು ಎಂಬುದು ಗೂಗಲ್‌ನ ನಿಯಮ.

ಈ ಹಂತದಲ್ಲಿ ಜನ ಮಾಡುವ ದೊಡ್ಡ ತಪ್ಪು ಎಂದರೆ ಗಾಬರಿಯಲ್ಲಿ ಹೊಸ ಪ್ರೊಫೈಲ್ ತೆರೆಯುವುದು. ಬೇಡ. ಅದರಿಂದ ಮೊದಲನೆಯದನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಸರಿಯಾದ ಕ್ರಮ ಹೀಗಿದೆ. ಮೊದಲು ತಪ್ಪು ತಿದ್ದಿ: ಹೆಸರು, ಪಿನ್, ಕೆಟಗರಿ. ಆಮೇಲೆ ಕಾಗದ ಸಿದ್ಧ ಮಾಡಿಕೊಳ್ಳಿ: ನೋಂದಣಿ ಪತ್ರ, ಪಂಚಾಯಿತಿ ಪರವಾನಗಿ, ಅದೇ ವಿಳಾಸದ ಕರೆಂಟ್ ಬಿಲ್, ಬೋರ್ಡ್ ಕಾಣುವ ಫೋಟೊ. ಎಲ್ಲವನ್ನೂ ಫೋನಿನಲ್ಲಿ ಒಂದು ಕಡೆ ಇಟ್ಟುಕೊಂಡು ಆಮೇಲೆ ಮೇಲ್ಮನವಿ ಶುರು ಮಾಡಿ. ಸಾಕ್ಷ್ಯ ಸೇರಿಸುವ ಫಾರಂ ಒಮ್ಮೆ ತೆರೆದರೆ ಅದನ್ನು ಕಳಿಸಲು ಇರುವುದು ಒಂದೇ ಗಂಟೆ. ಆಗ ಬೀರುವಿನಲ್ಲಿ ಪತ್ರ ಹುಡುಕುತ್ತಾ ಕೂತರೆ, ಮಧ್ಯದಲ್ಲಿ ಕರೆಂಟ್ ಹೋದರೆ, ಮುಗಿಯಿತು.

ಈಗ ಆ ನಾಲ್ಕು ಹೆಸರಿನ ಹಾಳೆ ತೆಗೆದು ನೋಡಿ. ಮೇಲ್ಮನವಿ ನೋಡುವವರಿಗೆ ನೀವು ಯಾರೋ, ನಾಪೋಕ್ಲು ಎಲ್ಲೋ. ಅವರ ಮುಂದೆ ಇರುವುದು ಕಾಗದ ಮಾತ್ರ. ಪತ್ರದ ಹೆಸರು, ಬೋರ್ಡಿನ ಹೆಸರು, ಪ್ರೊಫೈಲ್ ಹೆಸರು ಒಂದೇ ಇದ್ದರೆ ನಿಮ್ಮ ಮಾತು ನಂಬಲು ಅವರಿಗೆ ಆಧಾರ ಇರುತ್ತದೆ. ಪರವಾನಗಿ ಇಲ್ಲದವರ ಕೈಯಲ್ಲಿ ಇಲ್ಲದ, ನಮ್ಮ ಕೈಯಲ್ಲಿ ಇರುವ ಒಂದೇ ಆಯುಧ ಇದು. ನಾವು ಅದನ್ನು ಗೋಡೆಗೆ ಹಾಕಿ ಮರೆತಿರುತ್ತೇವೆ.

ಲಕ್ಷಣ 5: ನೋಡುವವರು ಜಾಸ್ತಿ, ಕರೆ ಮಾಡುವವರು ಇಲ್ಲ

ಪ್ರೊಫೈಲ್‌ನ 'ಪರ್ಫಾರ್ಮೆನ್ಸ್' ಭಾಗದಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಕರೆ ಗುಂಡಿ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಎಂಬ ಲೆಕ್ಕ ಇರುತ್ತದೆ.

ಕರೆ ಗುಂಡಿ ಒತ್ತಿದ್ದಾರೆ, ಆದರೆ ನಿಮಗೆ ಕರೆ ಬಂದ ನೆನಪಿಲ್ಲ ಅಂದರೆ ದೋಷ ಗೂಗಲ್‌ನದಲ್ಲ, ನಿಮ್ಮ ಫೋನಿನದು. ನಾವು ತೋಟದಲ್ಲಿ ಇರುತ್ತೇವೆ, ಅಲ್ಲಿ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಬ್ಯಾಟರಿ ಇರುವವರೆಗೆ ಮಾತ್ರ. ಬೆಂಗಳೂರಿನವರು ಎರಡನೇ ಸಲ ಪ್ರಯತ್ನಿಸುವುದಿಲ್ಲ, ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಾರೆ. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಬರುತ್ತದೋ ಆ ನಂಬರ್ ಮೊದಲು ಹಾಕಿ. ವೈಫೈನಲ್ಲಿ ಕರೆ ಬರುವ ಸೌಲಭ್ಯವನ್ನು ಫೋನಿನ ಸೆಟ್ಟಿಂಗ್‌ನಲ್ಲಿ ಹಾಕಿಕೊಳ್ಳಿ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇಡಿ.

ಗುಂಡಿಯನ್ನೇ ಒತ್ತಿಲ್ಲ ಅಂದರೆ ಫೋಟೊ ಮತ್ತು ದರ ನೋಡಿ. ಹೆಸರಿನ ಕೆಳಗೆ ಕಾಣುವ ದರ ಬುಕ್ಕಿಂಗ್ ಆ್ಯಪ್‌ಗಳಿಂದ ಬಂದದ್ದು. ಎರಡು ವರ್ಷದ ಹಿಂದೆ ಯಾವುದೋ ಆ್ಯಪ್‌ನಲ್ಲಿ ಹಾಕಿ ಮರೆತ ದರ ಇನ್ನೂ ಓಡಾಡುತ್ತಿರಬಹುದು. ಅದನ್ನು ಆ ಆ್ಯಪ್‌ನಲ್ಲೇ ತಿದ್ದಬೇಕು. ಫೋಟೊ ವಿಷಯದಲ್ಲಿ ನನ್ನದೊಂದು ಹಠ ಇದೆ: ಡ್ರೋನ್ ಚಿತ್ರಕ್ಕಿಂತ ಬಾತ್‌ರೂಮ್ ಚಿತ್ರ ಮುಖ್ಯ. ಹಂಡೆಯೋ ಗೀಸರೋ, ಕಮೋಡ್ ಇದೆಯಾ, ಅಜ್ಜಿ ಹತ್ತುವಂಥ ಮೆಟ್ಟಿಲಾ, ಇದನ್ನೇ ಜನ ನೋಡುವುದು. ಮಾರ್ಚ್–ಏಪ್ರಿಲ್‌ನ ಕಾಫಿ ಹೂವಿನ ಚಿತ್ರವನ್ನು ಆಗಸ್ಟ್‌ನಲ್ಲಿ ಮೇಲೆ ಇಡಬೇಡಿ. ಮಳೆ ನೋಡಲು ಬರುವವರಿಗೆ ಮಳೆಯನ್ನೇ ತೋರಿಸಿ.

ಲಕ್ಷಣ 6: ವೆಬ್‌ಸೈಟ್ ಇದೆ, ಅದು ಮಾತ್ರ ಬರುವುದಿಲ್ಲ

ಪ್ರೊಫೈಲ್ ಜೊತೆ ಗೂಗಲ್ ಕೊಡುತ್ತಿದ್ದ ಉಚಿತ ವೆಬ್‌ಸೈಟ್ ನಿಮ್ಮದಾಗಿದ್ದರೆ ಹುಡುಕುವುದು ಬಿಡಿ, 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಿದರು. ವಿಸಿಟಿಂಗ್ ಕಾರ್ಡ್‌ನಲ್ಲಿ ಇನ್ನೂ ಅದೇ ಇದ್ದರೆ ಹೊಸದು ಮುದ್ರಿಸಿ.

ಸ್ವಂತ ವೆಬ್‌ಸೈಟ್ ಆದರೆ, ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಬರೆಯಿರಿ. ಪುಟಗಳು ಬಂದರೆ ಗೂಗಲ್‌ಗೆ ನಿಮ್ಮ ಪರಿಚಯ ಇದೆ, ತೊಂದರೆ ಬರಹದಲ್ಲಿದೆ. ಎರಡನೇ ಲಕ್ಷಣಕ್ಕೆ ಹಿಂದಿರುಗಿ. ಒಂದೂ ಬರದಿದ್ದರೆ ಡೊಮೇನ್ (ನೀವು ದುಡ್ಡು ಕಟ್ಟಿ ಪಡೆದ ವೆಬ್ ವಿಳಾಸ) ಅವಧಿ ಮುಗಿದಿದೆಯಾ ನೋಡಿ. ಮುಗಿದಿಲ್ಲ ಅಂದರೆ, ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್‌ನ 'ರೀಡಿಂಗ್' ಭಾಗಕ್ಕೆ ಹೋಗಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿ ಮಾಡಬಾರದು ಎಂಬ ಒಂದು ಚೌಕ ಅಲ್ಲಿದೆ. ಸೈಟ್ ಕಟ್ಟುವಾಗ ಟಿಕ್ ಹಾಕಿದ್ದನ್ನು ತೆಗೆಯಲು ಮರೆತಿರುತ್ತಾರೆ. ಒಂದು ಟಿಕ್‌ಗೆ ಒಂದು ಸೀಸನ್ ಹೋಗುತ್ತದೆ.

ಅದೂ ಅಲ್ಲದಿದ್ದರೆ ಉಚಿತವಾದ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ, ಮುಖ್ಯ ಪುಟದ ವಿಳಾಸ ಪರೀಕ್ಷಿಸಿ. ಯಾಕೆ ತೆಗೆದುಕೊಂಡಿಲ್ಲ ಎಂದು ಅದೇ ಹೇಳುತ್ತದೆ. ಅಲ್ಲಿ ಬರುವ ಮಾತು ಅರ್ಥವಾಗದಿದ್ದರೆ ನಿಲ್ಲಿಸಿ. ಸೈಟ್ ಕಟ್ಟಿದವರಿಗೆ ಆ ಸ್ಕ್ರೀನ್‌ಶಾಟ್ ಕಳಿಸಿ. ಬ್ಯಾಕಪ್ ಇಲ್ಲದೆ ನೀವೇ ಫೈಲ್ ತಿದ್ದಲು ಹೋಗಬೇಡಿ.

ಲಕ್ಷಣ 7: ರಿವ್ಯೂ ಕಾಟ

ಬಾರದ ಅತಿಥಿ ಕೆಟ್ಟದಾಗಿ ಬರೆದಿದ್ದರೆ ರಿಪೋರ್ಟ್ ಮಾಡಿ, ಕೆಳಗೆ ಎರಡು ಸಾಲಿನ ಸಭ್ಯ ಉತ್ತರ ಬರೆಯಿರಿ. ಬಂದ ಅತಿಥಿಯೇ ಬರೆದಿದ್ದರೆ ಜಗಳ ಆಡಬೇಡಿ. ಉತ್ತರ ಓದುವುದು ಅವರಲ್ಲ, ಮುಂದೆ ಬರುವವರು. ರಿವ್ಯೂಗೆ ಬದಲಾಗಿ ರಿಯಾಯಿತಿಯನ್ನೋ ಅರ್ಧ ಕೆ.ಜಿ. ಕಾಫಿ ಪುಡಿಯನ್ನೋ ಕೊಡುವುದು ನಿಯಮಕ್ಕೆ ವಿರುದ್ಧ. ಕಾಫಿ ಪುಡಿ ಕೊಡಿ, ರಿವ್ಯೂ ಮಾತು ಎತ್ತಬೇಡಿ.

ಲಕ್ಷಣ 8: 'ಅಡ್ವಾನ್ಸ್ ಕಳಿಸಿದ್ದೀನಲ್ಲ!'

ಮ್ಯಾಪ್‌ನಲ್ಲಿ ಯಾರು ಬೇಕಾದರೂ ಒಂದು ಜಾಗಕ್ಕೆ ತಿದ್ದುಪಡಿ ಸೂಚಿಸಬಹುದು. ವಂಚಕರು ಹೀಗೆ ನಿಮ್ಮ ನಂಬರ್ ತೆಗೆದು ತಮ್ಮದನ್ನು ಸೇರಿಸುತ್ತಾರೆ. ಇಲ್ಲವೇ ನಿಮ್ಮ ಫೋಟೊ ಕದ್ದು ಅದೇ ಹೆಸರಿನ ನಕಲಿ ಸೈಟ್ ಮಾಡುತ್ತಾರೆ. ಅತಿಥಿ ಅವರಿಗೆ ದುಡ್ಡು ಕಳಿಸಿ, ಮಕ್ಕಳು ಮರಿ ಕಟ್ಟಿಕೊಂಡು ನಿಮ್ಮ ಗೇಟಿಗೆ ಬರುತ್ತಾರೆ.

ಇಲ್ಲಿ ನೀವೇ ಪತ್ತೇದಾರಿಕೆ ಮಾಡಬೇಡಿ, ಆ ನಂಬರಿಗೆ ಕರೆ ಮಾಡಿ ಬೈಯಲೂ ಬೇಡಿ. ತಪ್ಪು ನಂಬರ್ ಕಾಣುವ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲ್‌ನಲ್ಲಿ ನಂಬರ್ ಸರಿಮಾಡಿ, ಪಾಸ್‌ವರ್ಡ್ ಬದಲಾಯಿಸಿ. ದುಡ್ಡು ಕಳಕೊಂಡ ಅತಿಥಿಯಿಂದ ಕೂಡಲೇ 1930ಕ್ಕೆ ಕರೆ ಮಾಡಿಸಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು. ನೀವು ಹತ್ತಿರದ ಪೊಲೀಸ್ ಠಾಣೆಯಲ್ಲಿ ಬರಹದಲ್ಲಿ ದೂರು ಕೊಡಿ. ನಾಳೆ ಅತಿಥಿ ನಿಮ್ಮ ಮೇಲೆಯೇ ದೂರು ಕೊಟ್ಟರೆ ಅದು ನೆರವಿಗೆ ಬರುತ್ತದೆ. ಇನ್ನು ಮುಂದೆ, ಅಡ್ವಾನ್ಸ್ ತೆಗೆದುಕೊಳ್ಳುವ ಯುಪಿಐ ಹೆಸರು ಯಾವುದು ಎಂದು ವೆಬ್‌ಸೈಟ್‌ನಲ್ಲೇ ಬರೆದಿಡಿ. ವಾರಕ್ಕೊಮ್ಮೆ ನಿಮ್ಮ ಪ್ರೊಫೈಲನ್ನು ಬೇರೆಯವರ ಫೋನಿನಲ್ಲಿ ತೆರೆದು ನಂಬರ್ ನೋಡಿ.

'ಗೂಗಲ್‌ನಿಂದ ಮಾತಾಡ್ತಿದ್ದೀವಿ, ಓಟಿಪಿ ಹೇಳಿ, ಇಲ್ಲಾಂದ್ರೆ ನಿಮ್ಮ ಲಿಸ್ಟಿಂಗ್ ತೆಗೀತೀವಿ' ಎಂಬ ಕರೆಗೂ ಇದೇ ಮದ್ದು. ಕರೆ ಕಟ್ ಮಾಡಿ.

ಬೇರೆಯವರಿಗೆ ಕೆಲಸ ಕೊಡುವುದಾದರೆ

ಎಂಟೂ ನೋಡಿ ಆಗದಿದ್ದರೆ, ಅಥವಾ ಕಾಫಿ ಕೊಯ್ಲಿನ ನಡುವೆ ಪುರುಸೊತ್ತೇ ಇಲ್ಲದಿದ್ದರೆ, ಗೊತ್ತಿರುವವರಿಗೆ ಕೊಡುವುದು ತಪ್ಪಲ್ಲ. ಮೊದಲ ಸ್ಥಾನದ ಗ್ಯಾರಂಟಿ ಕೊಡುವವರಿಗೆ ಮಾತ್ರ ಬೇಡ. ಅಂಥ ಗ್ಯಾರಂಟಿ ಯಾರಿಂದಲೂ ಆಗದು ಎಂದು ಗೂಗಲ್ಲೇ ಹೇಳುತ್ತದೆ. ಪ್ರೊಫೈಲ್‌ನ ಮುಖ್ಯ ಮಾಲೀಕತ್ವ ನಿಮ್ಮ ಇಮೇಲ್‌ನಲ್ಲೇ ಇರಲಿ. ಅವರನ್ನು 'ಮ್ಯಾನೇಜರ್' ಎಂದು ಸೇರಿಸಿ, ಕೆಲಸ ಮುಗಿದ ದಿನ ತೆಗೆಯಿರಿ.

ನನ್ನ ಏಜೆಂಟ್ ತಮ್ಮ ಇಮೇಲ್‌ನಲ್ಲೇ ಎಲ್ಲ ಮಾಡಿಕೊಂಡಿದ್ದರು. ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಪ್ರೊಫೈಲ್‌ನಲ್ಲೇ ಮಾಲೀಕತ್ವ ಕೇಳುವ ಅರ್ಜಿ ಇದೆ. ಈಗಿರುವ ಮಾಲೀಕರಿಗೆ ಉತ್ತರ ಕೊಡಲು ಮೂರು ದಿನ ಸಮಯ. ಅವರು ಕೊಡಲಿಲ್ಲ. ನಾಲ್ಕನೇ ದಿನ ನಾನೇ ವಿಡಿಯೊ ತೆಗೆದೆ: ರಸ್ತೆ, ಗೇಟು, ಕೋಣೆಯ ಬೀಗ, ಗೋಡೆಯ ನೋಂದಣಿ ಪತ್ರ. ಉದ್ದಕ್ಕೂ ನಮ್ಮ ನಾಯಿ ಬೊಗಳುತ್ತಲೇ ಇತ್ತು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.